ಅಂಕಿಯ ಕೆಳಗಿನ ಗೆರೆ

ಅಲ್ಲಾಳಸಂದ್ರದಲ್ಲಿ ಮನೆ ಇರುವವರಿಗೆ ಏರೋ ಇಂಡಿಯಾ ನೋಡೋಕೆ ಟಿಕೆಟ್ ಬೇಕಾಗಿಲ್ಲ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆಯುತ್ತಿರುವ ಈ ಜಾತ್ರೆಯ ದಿನಗಳಲ್ಲಿ ತಾರಸಿಗೆ ಹೋಗಿ ಕತ್ತು ಎತ್ತಿದರೆ ಸಾಕು. 2025ರ ಫೆಬ್ರವರಿಯಲ್ಲೂ ಹಾಗೇ ಆಯಿತು. ಒಣಗಲು ಹಾಕಿದ ಬಟ್ಟೆಗಳ ನಡುವೆ ನಾನು, ದೊಡ್ಡಪ್ಪ, ಕೆಳಗಿನ ಮನೆಯ ಮಕ್ಕಳು. ತೇಜಸ್ ಒಂದು ನೆಟ್ಟಗೆ ಮೇಲೇರಿ, ಹೊಟ್ಟೆ ತೋರಿಸಿ ತಿರುಗಿತು. ಕಿಟಕಿ ಗಾಜೆಲ್ಲಾ ಗಡಗಡ.

ಮಕ್ಕಳು ಕಿರುಚುತ್ತಿದ್ದರೆ ದೊಡ್ಡಪ್ಪ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದರು:

"ಲೋ, ಇದರ ರೆಕ್ಕೇನ ಯಾರಾದ್ರೂ ಬೋರ್ಡ್ ಮೇಲೆ ಎಳೆದಿರ್ತಾರೇನೋ?"

"ಇಲ್ಲ ದೊಡ್ಡಪ್ಪ, ಇದು ಕಂಪ್ಯೂಟರ್ ಕಾಲದ್ದು" ಅಂದೆ.

"ಹಂಗಾದ್ರೆ ಅದನ್ನ ಓದೋನು ಯಾರು?" ಅಂದರು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾಗೋಕೆ ಎರಡು ತಿಂಗಳು ಮತ್ತು ಒಂದು ದೊಡ್ಡ ಮುಖಭಂಗ ಬೇಕಾಯಿತು. ಅದರ ಕಥೆ ಇದು. ಕಥೆಗಿಂತ ಹೆಚ್ಚಾಗಿ ಅದರ ಹಿಂದಿನ ಇತಿಹಾಸ. ಸ್ವಲ್ಪ ಉದ್ದ ಇದೆ, ಕಾಫಿ ತಗೊಂಡು ಕೂತ್ಕೊಳ್ಳಿ :-)

ಮೊದಲು ನನ್ನ ಕೆಲಸದ ಬಗ್ಗೆ ಎರಡು ಮಾತು. ಕಂಪನಿ ಹೆಸರು ಬೇಡ. ಕಾಗದದ ಮೇಲಿರುವ ಹಳೆಯ ಮೆಶಿನ್ ಡ್ರಾಯಿಂಗುಗಳನ್ನು ಸ್ಕ್ಯಾನ್ ಮಾಡಿ, ಅದರಿಂದ 3ಡಿ ಮಾಡೆಲ್ ತಯಾರಿಸುವ ಪ್ರೋಗ್ರಾಮು ಬರೆಯುವ ತಂಡದಲ್ಲಿ ನಾನಿದ್ದೇನೆ. ಇದಕ್ಕೇನು ಗಿರಾಕಿ ಅಂತ ಕೇಳಬಹುದು. ಒಂದು ಪಂಪು ನಲವತ್ತು ವರ್ಷ ಓಡುತ್ತೆ. ಅದರ ಒಂದು ಭಾಗ ಮುರಿದರೆ ಹೊಸದು ಬೇಕು. ಹೊಸದನ್ನು ಮಾಡುವ ಯಂತ್ರಕ್ಕೆ 3ಡಿ ಮಾಡೆಲ್ ಕೊಟ್ಟರೆ ಸಲೀಸು. ಆದರೆ ಹಳೆ ಪಂಪಿನ ಬಗ್ಗೆ ಉಳಿದಿರುವುದು ಸುರುಳಿ ಸುತ್ತಿ, ಅಂಚು ಹರಿದು, ಹಳದಿಯಾದ ಒಂದು ಹಾಳೆ ಮಾತ್ರ. ಆ ಹಾಳೆಯಲ್ಲಿ ಚಪ್ಪಟೆಯಾಗಿ ಮಲಗಿರುವುದನ್ನು ಎಬ್ಬಿಸಿ ಕೂರಿಸುವುದೇ ನಮ್ಮ ಕೆಲಸ.

ಇಂಥದ್ದೇ ಒಂದು ಬೇರಿಂಗ್ ಹೌಸಿಂಗಿನ ಹಾಳೆ ಬಂತು. ಎರಡು ಬೋಲ್ಟ್ ತೂತುಗಳ ನಡುವಿನ ಅಂತರ 118 ಮಿಲಿಮೀಟರ್ ಅಂತ ಬರೆದಿತ್ತು. ನಮ್ಮ ಪ್ರೋಗ್ರಾಮು ಗೆರೆಯನ್ನು ಅಳೆದಾಗ ಬಂದದ್ದು 112. ಇಂಥ ಜಗಳಕ್ಕೆ ಅಂತಲೇ ನಾನೊಂದು ನಿಯಮ ಬರೆದಿಟ್ಟಿದ್ದೆ. ಅಂಕಿಗೂ ಗೆರೆಗೂ ಹೊಂದದಿದ್ದರೆ ಗೆರೆಯನ್ನು ನಂಬು. ಯಾಕೆಂದರೆ ಮಾಸಿದ ಹಾಳೆಯಲ್ಲಿ 2ನ್ನು 8 ಅಂತ ಕಂಪ್ಯೂಟರ್ ಓದಿಕೊಳ್ಳುವುದು ಮಾಮೂಲು, ಗೆರೆ ಮಾತ್ರ ಇದ್ದಲ್ಲೇ ಇರುತ್ತೆ. ಒಳ್ಳೆ ತರ್ಕ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ನಾಲ್ಕು ಹೌಸಿಂಗು ಎರಕ ಹೊಯ್ದು, ಮೆಶಿನಿಂಗ್ ಮುಗಿಸಿ, ಕೂರಿಸಲು ಹೋದರೆ ಒಂದರಲ್ಲೂ ಬೋಲ್ಟ್ ಇಳಿಯಲಿಲ್ಲ. ನಾಲ್ಕೂ ಗುಜರಿಗೆ.

ಆ ಶನಿವಾರ ಮುಖ ಸಣ್ಣಗೆ ಮಾಡಿಕೊಂಡು ದೊಡ್ಡಪ್ಪನ ಮನೆಗೆ ಹೋದೆ. ಅವರು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಟ್ರೇಸರ್ ಆಗಿ ಸೇರಿ, ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು. ಹಾಳೆಯನ್ನೇ ತೋರಿಸುವ ಹಾಗಿರಲಿಲ್ಲ. ಗ್ಯಾಸ್ ಬಿಲ್ಲಿನ ಹಿಂದೆ ನೆನಪಿನಿಂದ ಆ ಜಾಗವನ್ನು ಬರೆದು ತೋರಿಸಿದೆ. ಅಂಕಿ ಬರೆದು, ಅದರ ಕೆಳಗಿದ್ದ ಚಿಕ್ಕ ಗೆರೆಯನ್ನೂ ಎಳೆದೆ. ನಮ್ಮ ಪ್ರೋಗ್ರಾಮು ಅದನ್ನು ಸ್ಕ್ಯಾನಿನ ಕೊಳೆ ಅಂತ ಒರೆಸಿ ಹಾಕಿತ್ತು.

ದೊಡ್ಡಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ನೋಡಿ ನಗೋಕೆ ಶುರು ಮಾಡಿದರು.

"ಅಂಕಿ ಕೆಳಗೆ ಗೆರೆ ಹಾಕಿದ್ರೆ ಚಿತ್ರ ಅಳತೆಗಿಲ್ಲ, ಅಂಕಿ ನಂಬು ಅಂತ ಅರ್ಥ ಕಣೋ. ಮೊದಲು 112 ಇತ್ತು. ಆಮೇಲೆ ಯಾರೋ 118 ಮಾಡು ಅಂದ್ರು. ಶಾಯಿಯಲ್ಲಿ ಎಳೆದದ್ದನ್ನ ಅರ್ಧ ಬ್ಲೇಡಲ್ಲಿ ಕೆರೆದು ಕೆರೆದು ಇಡೀ ಹಾಳೆ ತಿರುಗಿ ಬರೆಯೋಕೆ ಎರಡು ದಿನ ಬೇಕು. ಅಂಕಿ ಕೆರೆದು ಬದಲಾಯಿಸಿ ಕೆಳಗೊಂದು ಗೆರೆ ಎಳೆದ್ರೆ ಎರಡು ನಿಮಿಷ. ಓದೋನಿಗೆ ಗೊತ್ತಾಗುತ್ತೆ."

ಓದೋನಿಗೆ ಗೊತ್ತಾಗುತ್ತೆ! ತಾರಸಿ ಮೇಲೆ ಅವರು ಕೇಳಿದ ಪ್ರಶ್ನೆ ಆಗ ನೆನಪಾಯಿತು. ನಾನು ಡ್ರಾಯಿಂಗನ್ನು ಫೋಟೋ ಅಂದುಕೊಂಡಿದ್ದೆ. ಅದು ಪತ್ರ. ಒಬ್ಬ ಕಲಿತವನು ಇನ್ನೊಬ್ಬ ಕಲಿತವನಿಗೆ ಬರೆದದ್ದು. ಇಬ್ಬರಿಗೂ ಗೊತ್ತಿರುವುದನ್ನು ಅದರಲ್ಲಿ ಬರೆದೇ ಇರೋದಿಲ್ಲ.

ಆಮೇಲೆ ಕುತೂಹಲಕ್ಕೆ ಈ ಪತ್ರ ಬರೆಯುವ ಭಾಷೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಅದು ಫ್ರಾನ್ಸಿಗೆ ಕರೆದುಕೊಂಡು ಹೋಯಿತು.

1760ರ ದಶಕ. ಮೆಜಿಯೇರ್ ಎಂಬ ಊರಿನ ಸೈನಿಕ ಇಂಜಿನಿಯರಿಂಗ್ ಶಾಲೆಯಲ್ಲಿ ಗ್ಯಾಸ್ಪಾರ್ ಮೋಂಜ್ ಎಂಬ ಹುಡುಗ, 1746ರಲ್ಲಿ ಹುಟ್ಟಿದವನು, ನಕ್ಷೆ ಬರೆಯುವ ಕೆಲಸಕ್ಕಿದ್ದ. ಸುತ್ತಲಿನ ಗುಡ್ಡಗಳ ಮೇಲಿಂದ ಶತ್ರು ಗುಂಡು ಹಾರಿಸಿದರೂ ಒಳಗಿನವರಿಗೆ ತಾಗದಂತೆ ಕೋಟೆ ಗೋಡೆ ಎಷ್ಟು ಎತ್ತರ ಇರಬೇಕು? ಇದು ಅವನಿಗೆ ಕೊಟ್ಟ ಲೆಕ್ಕ. ಪುಟಗಟ್ಟಲೆ ಕೂಡಿ ಕಳೆಯುವ ಬದಲು ಮೋಂಜ್ ಗೆರೆ ಎಳೆದೇ ಉತ್ತರ ತೆಗೆದ. ಇಷ್ಟು ಬೇಗ ಮುಗಿಯಲು ಸಾಧ್ಯವೇ ಇಲ್ಲ ಅಂತ ಮೇಲಧಿಕಾರಿ ಮೊದಲು ಅದನ್ನು ನೋಡಲೂ ಒಪ್ಪಲಿಲ್ಲವಂತೆ. ನೋಡಿದ ಮೇಲೆ ಅದನ್ನು ಸೈನ್ಯದ ಗುಟ್ಟು ಅಂತ ಮುಚ್ಚಿಟ್ಟರು! ಫ್ರೆಂಚ್ ಕ್ರಾಂತಿಯ ನಂತರ 1795ರಲ್ಲಿ ಮೋಂಜ್ ಪ್ಯಾರಿಸ್ಸಿನಲ್ಲಿ ಇದರ ಬಗ್ಗೆ ಬಹಿರಂಗ ಪಾಠ ಮಾಡಿದಾಗಲೇ ಗುಟ್ಟು ಹೊರಗೆ ಬಂದದ್ದು.

ಉಪಾಯ ಸರಳ. ವಸ್ತುವನ್ನು ಕೋಣೆಯ ಮೂಲೆಯಲ್ಲಿ ಹಿಡಿದಿದ್ದೀರಿ ಅಂದುಕೊಳ್ಳಿ. ಅದರ ನೆರಳು ಎದುರಿನ ಗೋಡೆ ಮೇಲೆ ಒಂದು, ನೆಲದ ಮೇಲೆ ಒಂದು ನೇರವಾಗಿ ಬೀಳುತ್ತೆ. ಈಗ ನೆಲವನ್ನು ಕೀಲು ಹಾಕಿದ ಹಲಗೆಯಂತೆ ಕೆಳಕ್ಕೆ ಮಡಚಿ ಗೋಡೆಯ ಸಮಕ್ಕೆ ತನ್ನಿ. ಎರಡೂ ನೆರಳು ಒಂದೇ ಹಾಳೆಯಲ್ಲಿ ಬಂದವು. ಮೇಲೆ ಫ್ರಂಟ್ ವ್ಯೂ, ಕೆಳಗೆ ಟಾಪ್ ವ್ಯೂ. ನಮ್ಮಲ್ಲಿ ಇಂಜಿನಿಯರಿಂಗ್ ಓದಿದವರೆಲ್ಲಾ ಮೊದಲ ವರ್ಷದಲ್ಲಿ ಬೆವರು ಸುರಿಸಿದ ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಇದೇ. ಭಾರತದ ಮಾನಕ ಸಂಸ್ಥೆ ಶಿಫಾರಸು ಮಾಡುವುದೂ ಇದನ್ನೇ. ಅಮೆರಿಕದವರದು ಥರ್ಡ್ ಆ್ಯಂಗಲ್, ಅಲ್ಲಿ ಟಾಪ್ ವ್ಯೂ ಮೇಲೇ ಇರುತ್ತೆ. ಯಾವುದು ಅಂತ ಹೇಳಲು ಹಾಳೆಯ ಮೂಲೆಯಲ್ಲಿ ತುದಿ ಕತ್ತರಿಸಿದ ಶಂಕುವಿನ ಒಂದು ಪುಟ್ಟ ಗುರುತು. ಆ ಮೂಲೆ ಹರಿದು ಹೋಗಿದ್ದರೆ, ಎಡಗಾಲಿನ ಚಪ್ಪಲಿ ಬದಲು ಬಲಗಾಲಿನದು ತಯಾರಾದ ಹಾಗೆ ಕನ್ನಡಿಯ ಪ್ರತಿಬಿಂಬ ಬಂದೀತು.

ಇಲ್ಲೇ ಒಂದು ತಮಾಷೆ. ಮುಂದಿನಿಂದ ನೋಡಿದರೆ ಚೌಕ, ಮೇಲಿನಿಂದ ನೋಡಿದರೂ ಚೌಕ. ವಸ್ತು ಯಾವುದು? ಪಗಡೆ ದಾಳದಂಥ ಘನ ಅಂತೀರಿ. ಉದ್ದ, ದಪ್ಪ ಎರಡೂ ಒಂದೇ ಇರುವ ಡಬ್ಬಿಯನ್ನು ಅಡ್ಡ ಮಲಗಿಸಿದರೂ ಹಾಗೇ ಕಾಣುತ್ತೆ. ಬಾಗಿಲಿಗೆ ಕೊಡುವ ಬೆಣೆಯಂಥ ತುಂಡೂ ಹಾಗೇ ಕಾಣಬಹುದು. ಪಕ್ಕದಿಂದ ನೋಡಿದರೆ ಮಾತ್ರ ಚೌಕವೋ, ವೃತ್ತವೋ, ತ್ರಿಕೋನವೋ ಅಂತ ತಿಳಿಯುತ್ತೆ. ಮೂರನೆಯ ಮುಖ ಬೇಕಾಗುವುದು ಅದಕ್ಕೇ. ಕೆಲವು ಸಲ ಮೂರೂ ಸಾಲದು.

ಹಾಗಾದರೆ ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಚಪ್ಪಟೆ ಹಾಳೆಯಿಂದ ನಿಜವಾದ ಆಕಾರಕ್ಕೆ ಹೋಗುತ್ತಿದ್ದದ್ದು ಹೇಗೆ? ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಬೆಂಗಳೂರೇ ಸಾಕು.

1940ರಲ್ಲಿ ಇಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ, ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ತಯಾರಾದ ಹೆಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಇಲ್ಲಿನ ಇಂಜಿನಿಯರುಗಳ ಜೊತೆ ಹೆಚ್‌ಎಫ್-24 ಮಾರುತ್ ಯುದ್ಧವಿಮಾನದ ಕೆಲಸ ಹಿಡಿದರು. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿದೆಯಲ್ಲ, ಶಾಲೆ ಟ್ರಿಪ್ಪಿನಲ್ಲಿ ನಾವೆಲ್ಲಾ ಅದರ ಮುಂದೆ ಫೋಟೋ ಹೊಡೆಸಿಕೊಂಡಿದ್ದೇವಲ್ಲ, ಅದೇ.

ಆ ಕಾಲದ ವಿಮಾನಗಳಿಗೆ ಲಾಫ್ಟಿಂಗ್ ಅಂತ ಒಂದು ಪದ್ಧತಿಯಿತ್ತು. ವಿಮಾನದ ಮೈಯ ಬಾಗುಗಳನ್ನು ನಿಜವಾದ ಅಳತೆಯಲ್ಲೇ, ವಿಶಾಲವಾದ ಹಲಗೆಗಳ ಮೇಲೆ ಬರೆಯುವುದು. ನಯವಾದ ಬಾಗು ಬರಲು ಬಳುಕುವ ತೆಳು ಮರದ ಪಟ್ಟಿಯನ್ನು ಅಲ್ಲಲ್ಲಿ ಸೀಸದ ಭಾರ ಇಟ್ಟು ಬಗ್ಗಿಸಿ, ಅದರ ಗುಂಟ ಗೆರೆ ಎಳೆಯುತ್ತಿದ್ದರು. ಆ ಪಟ್ಟಿಗೆ ಸ್ಪ್ಲೈನ್ ಅಂತ ಹೆಸರು. ಇವತ್ತು ಕ್ಯಾಡ್ ಸಾಫ್ಟ್‌ವೇರಿನಲ್ಲಿ ನಾವು ದಿನಾ ಒತ್ತುವ ಸ್ಪ್ಲೈನ್ ಬಟನ್ನಿನ ಮೂಲ ಆ ಮರದ ಪಟ್ಟಿ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರುತ್ ತಂಡ ಇನ್ನೊಂದು ಕೆಲಸ ಮಾಡಿತು. ಅಸಲಿ ವಿಮಾನಕ್ಕೆ ಮೊದಲು ಅದೇ ಆಕಾರದ, ಅದೇ ಗಾತ್ರದ, ಇಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಿದರು. 1959ರ ಏಪ್ರಿಲ್‌ನಿಂದ ಅದನ್ನು ಡಕೋಟಾ ವಿಮಾನದ ಬಾಲಕ್ಕೆ ಕಟ್ಟಿ ಎಳೆದೊಯ್ದು, ಮೇಲೆ ಬಿಟ್ಟು, ಆಕಾರ ಗಾಳಿಯಲ್ಲಿ ಹೇಗೆ ವರ್ತಿಸುತ್ತೆ ಅಂತ ಪರೀಕ್ಷಿಸಿದರು. ಯೋಚಿಸಿ ನೋಡಿ, ಡ್ರಾಯಿಂಗುಗಳಿಗೆ ಅವರ 3ಡಿ ಮಾಡೆಲ್ ಅದು! ಮೌಸ್ ಇಲ್ಲ, ಸ್ಕ್ರೀನ್ ಇಲ್ಲ. ಬಡಗಿಗಳು ಹಾಳೆ ಓದಿ ಮರದಲ್ಲಿ ಎಬ್ಬಿಸಿದ ಮಾಡೆಲ್. ಅದರೊಳಗೆ ಪೈಲಟ್ಟೇ ಕೂರುತ್ತಿದ್ದ. ಕೊನೆಗೆ 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅಸಲಿ ಮಾರುತ್ ಹಾರಿಸಿದರು.

ಊರಿನ ಈ ಕಡೆ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಿಂದ ಹೆಚ್‌ಎಂಟಿ ಬಂತು, ಮರು ವರ್ಷ ಬಿಇಎಲ್ ಬಂತು. ಸುತ್ತಮುತ್ತ ಸಣ್ಣ ದೊಡ್ಡ ಕಾರ್ಖಾನೆಗಳು ಬೆಳೆದವು. ಪ್ರತಿ ಕಾರ್ಖಾನೆಗೊಂದು ಡ್ರಾಯಿಂಗ್ ಆಫೀಸು. ಪೆನ್ಸಿಲ್ಲಿನ ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಶಾಯಿಯಲ್ಲಿ ತಿದ್ದುವವನು ಟ್ರೇಸರ್. ಅಮೋನಿಯಾ ವಾಸನೆ ಹೊಡೆಯುವ ಪ್ರಿಂಟುಗಳು ಅಲ್ಲಿಂದ ಶಾಪ್ ಫ್ಲೋರಿಗೆ. ಆ ವಾಸನೆ ನಮ್ಮ ದೊಡ್ಡಪ್ಪನ ಷರಟಿನಲ್ಲಿ ಇರುತ್ತಿತ್ತು ಅಂತ ಅಪ್ಪ ಈಗಲೂ ಹೇಳ್ತಾರೆ. ಕೆಳಗೆ ಅದನ್ನು ಓದುವ ಫಿಟ್ಟರು, ಟರ್ನರುಗಳಿಗೆ ಅರ್ಥವಾಗದಿದ್ದರೆ ಮೆಟ್ಟಿಲು ಹತ್ತಿ ಬಂದು ಕೇಳುತ್ತಿದ್ದರು. ಆ ಮೆಟ್ಟಿಲು ಕೂಡಾ ಡ್ರಾಯಿಂಗಿನ ಒಂದು ಭಾಗವೇ ಆಗಿತ್ತು.

ಇನ್ನು ಕಂಪ್ಯೂಟರಿನ ಸರದಿ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ತನ್ನ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮು ಮಾಡಿ, ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದು ತೋರಿಸಿದ. ಅದೇ ವರ್ಷ ಅಲ್ಲೇ ಟಿಮೊತಿ ಜಾನ್ಸನ್ ಅದನ್ನು ಮೂರು ಆಯಾಮಕ್ಕೆ ಒಯ್ದ. ಪರದೆಯ ಮೇಲೆ ಮೂರು ಮುಖ ಮತ್ತು ಒಂದು ಪರ್ಸ್ಪೆಕ್ಟಿವ್ ನೋಟ. ಒಂದರಲ್ಲಿ ಗೆರೆ ಎಳೆದರೆ ಉಳಿದವುಗಳಲ್ಲೂ ಮೂಡುತ್ತಿತ್ತು. ಮೋಂಜ್‌ನ ಮಡಚುವ ಗೋಡೆಗೆ ಜೀವ ಬಂದಂತೆ.

ಆದರೆ ಗೆರೆಗಳ ಗೂಡು ಘನ ವಸ್ತುವಲ್ಲ. ದೊಡ್ಡ ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆ ಬರೆದು, ಎರಡರ ಮೂಲೆಗಳನ್ನು ಗೆರೆಯಿಂದ ಸೇರಿಸಿ ನೋಡಿ. ಅದು ಒಂದು ಸುರಂಗ ಕೊರೆದ ಪೆಟ್ಟಿಗೆ ಅಂದುಕೊಂಡರೆ, ಸುರಂಗ ಎಡದಿಂದ ಬಲಕ್ಕೋ, ಮುಂದಿನಿಂದ ಹಿಂದಕ್ಕೋ, ಮೇಲಿನಿಂದ ಕೆಳಕ್ಕೋ? ಮೂರಕ್ಕೂ ಗೆರೆಗಳು ಒಂದೇ! ಎಲ್ಲಿ ಲೋಹ, ಎಲ್ಲಿ ಖಾಲಿ ಎಂಬುದು ಕಂಪ್ಯೂಟರಿಗೆ ಗೊತ್ತಾಗಬೇಕು. 1970ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇಯಾನ್ ಬ್ರೇಡ್ ಮತ್ತು ಗೆಳೆಯರು ವಸ್ತುವನ್ನು ಮುಖ, ಅಂಚು, ಮೂಲೆಗಳ ಪೂರ್ಣ ಲೆಕ್ಕದೊಂದಿಗೆ ಘನವಾಗಿ ಇಡುವ ದಾರಿ ಕಟ್ಟಿದರು. ಅವರು ಶುರು ಮಾಡಿದ ಕಂಪನಿಯಿಂದ ಮುಂದೆ ಬಂದದ್ದು ಪ್ಯಾರಾಸಾಲಿಡ್. ವಿಟಿಯುನಲ್ಲಿ ಮೊದಲ ವರ್ಷದ ಡ್ರಾಯಿಂಗ್ ಪೇಪರಿಗೆ ಸಾಲಿಡ್ ಎಡ್ಜ್ ತೆರೆದು ಕೂತವರೆಲ್ಲಾ, ಗೊತ್ತಿಲ್ಲದೇ, ಅದರ ಮೇಲೇ ಕೂತಿದ್ದೆವು. (ನಾವು ಅದರಲ್ಲೂ ಚಪ್ಪಟೆ ಚಿತ್ರವನ್ನೇ ಬರೆದು ಪಾಸಾದೆವು, ಅದು ಬೇರೆ ಮಾತು!)

ಇನ್ನು ನನ್ನ ಹೊಟ್ಟೆಪಾಡಿನ ಸಮಸ್ಯೆ, ಹಳೇ ಹಾಳೆಯ ಮೂರು ಮುಖಗಳಿಂದ ತಾನಾಗಿ ಘನ ವಸ್ತು ಕಟ್ಟುವುದು. 1973ರಲ್ಲಿ ಜಪಾನಿನ ಇದೆಸಾವಾ ಇದಕ್ಕೊಂದು ಪದ್ಧತಿ ಪ್ರಕಟಿಸಿದರು. 1980 ಮತ್ತು 1981ರಲ್ಲಿ ಐಬಿಎಂನ ಮಾರ್ಕೋವ್ಸ್ಕಿ ಮತ್ತು ವೆಸ್ಲಿ ಎರಡು ಪ್ರಬಂಧ ಬರೆದು ಗಣಿತವನ್ನು ಗಟ್ಟಿ ಮಾಡಿದರು. ಮೂರು ಮುಖಗಳ ಬಿಂದುಗಳನ್ನು ಹೊಂದಿಸಿ ಇರಬಹುದಾದ ಮೂಲೆಗಳು, ಅವುಗಳಿಂದ ಇರಬಹುದಾದ ಅಂಚುಗಳು, ಆಮೇಲೆ ಮುಖಗಳು, ಆಮೇಲೆ ತುಂಡುಗಳು. ಕೊನೆಗೆ ಯಾವ ತುಂಡು ಲೋಹ, ಯಾವುದು ಖಾಲಿ ಎಂದು ಎಲ್ಲಾ ಸಾಧ್ಯತೆ ನೋಡಿ, ಚಿತ್ರಕ್ಕೆ ಹೊಂದುವ ಎಲ್ಲಾ ಉತ್ತರಗಳನ್ನೂ ಕೊಡುವುದು. ಗಮನಿಸಿ, ಒಂದು ಉತ್ತರವನ್ನಲ್ಲ, ಎಲ್ಲಾ ಉತ್ತರಗಳನ್ನು. ಒಂದೇ ಚಿತ್ರಕ್ಕೆ ಹಲವು ವಸ್ತುಗಳು ಇರಬಹುದು ಅಂತ ಅವರು ಮೊದಲೇ ಒಪ್ಪಿಕೊಂಡಿದ್ದರು. ನಾನು ಒಪ್ಪಿಕೊಂಡಿರಲಿಲ್ಲ.

ಇಷ್ಟೆಲ್ಲಾ ಓದಿ, ಮುಂದಿನ ಶನಿವಾರ ಜಂಬದಿಂದ ದೊಡ್ಡಪ್ಪನಿಗೆ ವಿವರಿಸಿದೆ. ಸಾವಧಾನವಾಗಿ ಕೇಳಿ, "ಅದೆಲ್ಲಾ ಚಿತ್ರ ನಿಜ ಹೇಳಿದಾಗ ಸರಿ. ನಾವು ಚಿತ್ರದಲ್ಲಿ ನಿಜ ಹೇಳ್ತಿರಲಿಲ್ವಲ್ಲೋ" ಅಂದರು!

ಒಂದೊಂದಾಗಿ ಹೇಳುತ್ತಾ ಹೋದರು. ವಸ್ತುವನ್ನು ಕತ್ತರಿಸಿದ ಹಾಗೆ ತೋರಿಸುವಾಗ ಲೋಹ ಇರುವ ಕಡೆ ಓರೆ ಗೆರೆ ತುಂಬುತ್ತೇವೆ. ಆದರೆ ಆಧಾರಕ್ಕಿರುವ ತೆಳು ರಿಬ್ಬನ್ನು ಉದ್ದಕ್ಕೆ ಕತ್ತರಿಸಿದರೆ ಮಾತ್ರ ತುಂಬುವುದಿಲ್ಲ, ತುಂಬಿದರೆ ಇಡೀ ಭಾಗವೇ ದಪ್ಪ ಅನ್ನಿಸುತ್ತೆ ಅಂತ. ಪ್ರೋಗ್ರಾಮು ನೋಡಿದರೆ ಅಲ್ಲಿ ಖಾಲಿ ಅಂದುಕೊಳ್ಳುತ್ತೆ. ಬೋಲ್ಟಿನ ಮರೆ, ಅಂದರೆ ಥ್ರೆಡ್ಡು, ಬರೀ ಎರಡು ತೆಳು ಗೆರೆ. ಕೊಳವೆಗೆ ಸಣ್ಣ ತೂತು ಕೊರೆದರೆ ಅಂಚು ಬಾಗಿರಬೇಕು, ನಾವು ನೇರ ಗೆರೆ ಎಳೆದು ಮುಗಿಸುತ್ತಿದ್ದೆವು. ಎರಡೂ ಕಡೆ ಒಂದೇ ಥರ ಇದ್ದರೆ ಅರ್ಧವೇ ಬರೆಯುತ್ತಿದ್ದೆವು. ಮತ್ತೆ, ಅಂಕಿಯ ಕೆಳಗಿನ ಗೆರೆ.

"ಹಂಗಾದ್ರೆ ಎಲ್ಲಾ ಸುಳ್ಳು" ಅಂದೆ.

"ಸುಳ್ಳಲ್ಲ ಕಣೋ, ಒಪ್ಪಂದ. ನಂಗೂ ಟರ್ನರ್‌ಗೂ ಇದ್ದ ಒಪ್ಪಂದ. ನಡುವೆ ನೀನು ಬರ್ತೀಯ ಅಂತ ನಮಗೇನು ಗೊತ್ತಿತ್ತು?"

ಹೊಸ ವಸ್ತುಗಳಿಗೆ ಈ ತೊಂದರೆ ಕಡಿಮೆ. 1994ರಲ್ಲಿ ಹಾರಿದ ಬೋಯಿಂಗ್ 777ನ್ನು ಕ್ಯಾಟಿಯಾ ಎಂಬ ಸಾಫ್ಟ್‌ವೇರಿನಲ್ಲಿ ಪೂರ್ತಿ 3ಡಿಯಲ್ಲೇ ವಿನ್ಯಾಸ ಮಾಡಿದರು. ನಮ್ಮಲ್ಲಿ ತೇಜಸ್‌ಗಾಗಿ 1984ರಲ್ಲಿ ಬೆಂಗಳೂರಿನಲ್ಲಿ ಎಡಿಎ ಸಂಸ್ಥೆ ಹುಟ್ಟಿತು. ಹೆಣೆದ ಕಾರ್ಬನ್ ಪದರಗಳನ್ನು ಒಂದರ ಮೇಲೊಂದು ಹಾಸಿ ಮಾಡುವ ಭಾಗಗಳನ್ನು 3ಡಿಯಲ್ಲಿ ವಿನ್ಯಾಸ ಮಾಡಲು ಅವರು ಆಟೋಲೇ ಎಂಬ ಸಾಫ್ಟ್‌ವೇರನ್ನೇ ಬರೆದರು, ಅದನ್ನು ಏರ್‌ಬಸ್ ಕೂಡಾ ಲೈಸೆನ್ಸ್ ಪಡೆದು ಬಳಸಿತು. 2001ರ ಜನವರಿ 4ರಂದು ವಿಮಾನ ಮೊದಲ ಸಲ ಹಾರಿತು. 2003ರಲ್ಲಿ ಅಮೆರಿಕದ ಎಎಸ್‌ಎಂಇ, ಅಳತೆ ಟಿಪ್ಪಣಿಗಳನ್ನು 3ಡಿ ಮಾಡೆಲ್‌ನಲ್ಲೇ ಬರೆಯುವುದಕ್ಕೆ ಮಾನಕ ತಂದಿತು. ಅಂದರೆ ಹಾಳೆಯೇ ಬೇಡ.

ಆದರೆ ಹಳೇ ಹಾಳೆಗಳು ಕೋಣೆಗಟ್ಟಲೆ ಉಳಿದಿವೆ. ಅವುಗಳಿಂದ ಮಾಡಿದ ಪಂಪು, ಲೇತು, ಗಿರಣಿಗಳು ಇನ್ನೂ ಓಡುತ್ತಿವೆ. ಹಾಳೆಯನ್ನು ಸ್ಕ್ಯಾನ್ ಮಾಡಿ ಸರ್ವರಿನಲ್ಲಿ ಇಟ್ಟರೆ ಉಳಿಸಿದಂತೆ ಅಂತ ನಾವೆಲ್ಲಾ ತಿಳಿದಿದ್ದೇವೆ. ಅದು ಪತ್ರವನ್ನು ಉಳಿಸಿ ಭಾಷೆಯನ್ನು ಬಿಟ್ಟ ಹಾಗೆ. ಪುಸ್ತಕದಲ್ಲಿರುವ ಒಪ್ಪಂದಗಳು ಹೇಗೋ ಸಿಗುತ್ತವೆ. ರಿಬ್ಬಿನದು, ಥ್ರೆಡ್ಡಿನದು, ಅಂಕಿಯ ಕೆಳಗಿನ ಗೆರೆಯದು ಎಲ್ಲಾ ಮಾನಕದಲ್ಲೇ ಇದೆ, ಓದದೇ ಇದ್ದದ್ದು ನನ್ನ ತಪ್ಪು. ಆದರೆ ಒಂದೊಂದು ಡ್ರಾಯಿಂಗ್ ಆಫೀಸಿಗೂ ಅದರದೇ ಆದ ರೂಢಿಗಳಿದ್ದವು. ಅವು ಯಾವ ಪುಸ್ತಕದಲ್ಲೂ ಇಲ್ಲ.

ಪ್ರೋಗ್ರಾಮಿನಲ್ಲಿ ನನ್ನ ನಿಯಮ ತೆಗೆದು ಹಾಕಿದ್ದೇನೆ. ಈಗ ಅಂಕಿಗೂ ಗೆರೆಗೂ ಜಗಳ ಬಂದರೆ ಅದು ತಾನೇ ತೀರ್ಪು ಕೊಡುವುದಿಲ್ಲ. ನಿಂತು, ಆ ಜಾಗಕ್ಕೆ ಕೆಂಪು ಸುತ್ತು ಹಾಕಿ, ಒಬ್ಬ ಮನುಷ್ಯನನ್ನು ಕೇಳುತ್ತೆ. ಕೆಲಸ ನಿಧಾನ ಆಯಿತು ಅಂತ ಮ್ಯಾನೇಜರ್ ಗೊಣಗಿದರು. ಗುಜರಿಗೆ ಹೋದ ನಾಲ್ಕು ಹೌಸಿಂಗಿನ ನೆನಪು ಮಾಡಿದೆ, ಸುಮ್ಮನಾದರು.

ಈಗ ಶನಿವಾರ ಬೆಳಿಗ್ಗೆ ಅಲ್ಲಾಳಸಂದ್ರ ಕೆರೆ ಸುತ್ತ ಒಂದು ಸುತ್ತು ಹಾಕಿ, ನೋಟ್‌ಬುಕ್ ಹಿಡಿದು ದೊಡ್ಡಪ್ಪನ ಮುಂದೆ ಕೂರುತ್ತೇನೆ. ಅವರು ನೆನಪಾದದ್ದು ಹೇಳ್ತಾರೆ, ನಾನು ಬರ್ಕೋತೀನಿ. ಕೆಲವು ಸಲ "ಇದನ್ನ ಅವನಿಗೆ ಕೇಳಬೇಕಿತ್ತು, ಅವನಿಗೆ ಗೊತ್ತಿತ್ತು" ಅಂತ ಹಳೇ ಸಹೋದ್ಯೋಗಿ ಯಾರದೋ ಹೆಸರು ಹೇಳಿ ಸುಮ್ಮನಾಗಿಬಿಡ್ತಾರೆ. ಅವರ ಸೆಕ್ಷನ್ನಿನಲ್ಲಿ ಜೊತೆಗೆ ಬೋರ್ಡ್ ಹಾಕಿಕೊಂಡು ಕೂತವರಲ್ಲಿ ಈಗ ಉಳಿದಿರುವುದು ಇವರೂ ಸೇರಿ ಇಬ್ಬರು.

ನಿಮ್ಮ ಮನೆಯಲ್ಲೋ, ಪಕ್ಕದ ಬೀದಿಯಲ್ಲೋ ಹೀಗೆ ನಿವೃತ್ತರಾದ ಡ್ರಾಫ್ಟ್ಸ್‌ಮನ್, ಟ್ರೇಸರ್, ಫಿಟ್ಟರ್ ಯಾರಾದರೂ ಇದ್ದರೆ ಒಂದು ಹಳೇ ಡ್ರಾಯಿಂಗ್ ಮುಂದಿಟ್ಟು, ಇದರಲ್ಲಿ ಬರೆಯದೇ ಬಿಟ್ಟಿದ್ದು ಏನು ಅಂತ ಕೇಳಿ ನೋಡಿ. ಏನು ಸಿಕ್ಕಿತು ಅಂತ ನನಗೂ ತಿಳಿಸಿ, ನೋಟ್‌ಬುಕ್ಕಿನಲ್ಲಿ ಜಾಗ ಇದೆ.

ಇದನ್ನು ಬರೆಯುತ್ತಿರುವಾಗ ಜಕ್ಕೂರಿನ ಪುಟಾಣಿ ತರಬೇತಿ ವಿಮಾನ ಒಂದು ಗುಂಯ್ ಅಂತ ಸುತ್ತು ಹಾಕುತ್ತಿದೆ. ಕೆಳಗಿನಿಂದ ನೋಡಿದರೆ ಬರೀ ಟಾಪ್ ವ್ಯೂ... ಅಲ್ಲ, ಬಾಟಮ್ ವ್ಯೂ. ದೊಡ್ಡಪ್ಪ ಇದ್ದಿದ್ದರೆ ಖಂಡಿತಾ ತಿದ್ದುತ್ತಿದ್ದರು :-)